ಕುಡಿಯದೆ ತೂರಾಡಿದವನು

ಮಾರ್ಚ್ 4, ಸೋಮವಾರ

ಬಾರಿನ ಮಾಲೀಕ ಕೊಡುತ್ತೇನೆಂದದ್ದು: ಕೆಲಸಕ್ಕೆ ನಿಲ್ಲಿಸುವ ಮೊದಲು ತರಬೇತಿ. ಪ್ರತಿ ಟೇಬಲ್ಲಿಗೂ ಕೇಳದೆಯೇ ನೀರು. ಅಮಲೇರಿದವನಿಗೆ ‘ಇನ್ನು ಸಾಕು’ ಅಂದರೆ ಮಾಲೀಕ ನನ್ನ ಬೆನ್ನಿಗೆ ನಿಲ್ಲುವುದು.

ಸಿಕ್ಕಿದ್ದು: ಗೋಡೆಗಂಟಿಸಿದ, ಪರವಾನಗಿ ಇಲಾಖೆಯ ಒಂದು ಹಾಳೆ. ತೊದಲು ಮಾತು, ಕೆಂಪು ಕಣ್ಣು, ತೂರಾಟ, ಗಲಾಟೆ... ಇವು ಕಂಡರೆ ಮದ್ಯ ಕೊಡಬೇಡಿ. ತರಬೇತಿ ಇಲ್ಲ. ನೀರು ಕೇಳಿದರೆ ಮಾತ್ರ. ಬೆನ್ನಿಗೆ ಆ ಗೋಡೆಯೇ ಗತಿ.

ಈಗ ನೋಟಿಸು ಬಂದಿದೆ, ವಿಚಾರಣೆಗೆ ಬಾ ಎಂದು. ಬಾರಿಗಲ್ಲ, ನನಗೆ. ಶನಿವಾರ ಸಂಜೆ ಒಬ್ಬ ಬಂದ. ತೂರಾಡಿದ, ತೊದಲಿದ, ಕುರ್ಚಿ ಬೀಳಿಸಿದ, ಒಂದು ಪೆಗ್ ಕೇಳಿದ. ಕೊಟ್ಟೆ. ತಕ್ಷಣ ನೆಟ್ಟಗೆ ನಿಂತು ಗುರುತಿನ ಚೀಟಿ ತೆಗೆದ — ಪರವಾನಗಿ ಇಲಾಖೆಯವನು! ಪರೀಕ್ಷೆಯಂತೆ. ಒಂದು ತೊಟ್ಟೂ ಕುಡಿದಿರಲಿಲ್ಲವಂತೆ.

ಅದು ನನಗೆ ಗೊತ್ತಿತ್ತು. ಅದಕ್ಕೇ ಕೊಟ್ಟದ್ದು.

ಕೌಂಟರಿನ ಅಣ್ಣ ನಕ್ಕ. “ಕುಡಿಯದೋನಿಗೆ ಕೊಟ್ಟು ಕಾರ್ಡು ಕಳ್ಕೊತಿದ್ದೀಯಲ್ಲಮ್ಮ. ಕುಡಿದೋನಿಗೆ ಕೊಟ್ಟಿದ್ರೆ ಟಿಪ್ಸ್ ಆದ್ರೂ ಸಿಗ್ತಿತ್ತು.”

ಮದ್ಯ ಬಡಿಸಲು ಇಲಾಖೆ ಕೊಡುವ ಸರ್ವರ್ ಕಾರ್ಡು ರದ್ದಾದರೆ ಈ ಊರಿನ ಯಾವ ಬಾರಿನಲ್ಲೂ ಟ್ರೇ ಹಿಡಿಯುವಂತಿಲ್ಲ. ಮಾಲೀಕನ ಲೈಸೆನ್ಸು ಮಾತ್ರ ಗಾಜಿನ ಚೌಕಟ್ಟಿನೊಳಗೆ ಭದ್ರ. ಕಾನೂನು ಮೇಲಿಂದ ಬೀಳುವಾಗ ಟ್ರೇ ಹಿಡಿದವಳ ತಲೆಯೇ ಅದಕ್ಕೆ ಹತ್ತಿರ.

ಮಾರ್ಚ್ 5

ಹೇಗೆ ಗೊತ್ತಾಯಿತು ನನಗೆ? ಇದೊಂದೇ ತಲೆ ತಿನ್ನುತ್ತಿದೆ. ಹಾಳೆಯಲ್ಲಿದ್ದ ಲಕ್ಷಣಗಳೆಲ್ಲ ಅವನಲ್ಲಿದ್ದವು. ವಾಸನೆಯೂ ಇತ್ತು, ಅಂಗಿಗೆ ಸುರಿದುಕೊಂಡು ಬಂದಿದ್ದ.

ನಮ್ಮ ಬಾರ್ ನೌಕರರ ಸಂಘದ ಕಾರ್ಯದರ್ಶಿ ಹೇಳಿದಳು: “ವಿಚಾರಣೆಯಲ್ಲಿ ಇದನ್ನೇ ಕೇಳ್ತಾರೆ. ‘ಹಾಗನ್ನಿಸ್ತು’ ಅಂದ್ಯೋ, ಮುಗೀತು ನಿನ್ನ ಕಥೆ. ಕಾರಣ ಹುಡುಕು.”

ಮನೆಯಲ್ಲಿ ಮೈದುನನನ್ನು ಕುಡಿದವನಂತೆ ನಡೆಸಿ ನೋಡಿದೆ. ಬಾಗಿಲಿಗೆ ಡಿಕ್ಕಿ ಹೊಡೆದ, ಹಾಡಿದ. “ಅತ್ತಿಗೆ, ನಿಜವಾಗ್ಲೂ ಕುಡಿದು ಬರ್ಲಾ? ಇನ್ನೂ ಚೆನ್ನಾಗಿ ಬರುತ್ತೆ.” ಅವನಣ್ಣ ಚಪ್ಪಲಿ ಹುಡುಕಿದ.

ಮಾರ್ಚ್ 8

ಸಿಕ್ಕಿತು!

ಮೂರು ಸಂಜೆ ಬರೀ ನೋಡಿದೆ. ನಿಜವಾಗಿ ಅಮಲೇರಿದವನು ಬಿಚ್ಚದ ಗುಂಡಿಯನ್ನು ಮತ್ತೆ ಹಾಕಿಕೊಳ್ಳಲು ನೋಡುತ್ತಾನೆ. ಗ್ಲಾಸನ್ನು ಮೊಟ್ಟೆಯಂತೆ ಕೆಳಗಿಡುತ್ತಾನೆ. ಇಲ್ಲದ ಮರ್ಯಾದೆಯೆಲ್ಲ ಬಾಯಿಗೆ ಬರುತ್ತದೆ. ಕುಡಿದಿಲ್ಲ ಎಂದು ತೋರಿಸಿಕೊಳ್ಳಲು ಅವನ ಒದ್ದಾಟ. ಇಲಾಖೆಯವನದು ಉಲ್ಟಾ — ಕುಡಿದಿದ್ದೇನೆಂದು ತೋರಿಸುವ ಒದ್ದಾಟ. ಕುರ್ಚಿ ಬೀಳಿಸಿ, ನೋಡಿದಳೋ ಇಲ್ಲವೋ ಎಂದು ನನ್ನ ಮುಖ ನೋಡಿದ್ದ.

ಮಾರ್ಚ್ 9

ಖುಷಿ ಒಂದು ದಿನವೂ ಉಳಿಯಲಿಲ್ಲ.

ಮೂಲೆಯ ಟೇಬಲ್ಲು, ಗಡಿಯಾರ ರಿಪೇರಿಯವರು. ದಿನವೂ ಬರುತ್ತಾರೆ. ಸದ್ದಿಲ್ಲ, ಗದ್ದಲವಿಲ್ಲ, ‘ತಾಯಿ’ ಎಂದೇ ಮಾತು. ಅವರೆಂದರೆ ನಮಗೆಲ್ಲ ಗೌರವ. ಇವತ್ತು ಹೊಸ ಕಣ್ಣಲ್ಲಿ ನೋಡಿದೆ. ಕನ್ನಡಕ ಎತ್ತಿಕೊಳ್ಳಲು ಎರಡೂ ಕೈ ಬೇಕಾದವು.

“ಗಂಟೆ ಎಷ್ಟು ಸಾರ್?” ಎಂದೆ.

ಕೈಗಡಿಯಾರ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ನಕ್ಕು, “ಯಾಕೆ ತಾಯಿ, ಮನೆಗೆ ಹೊತ್ತಾಯ್ತಾ?” ಅಂದರು. ಗಂಟೆ ಹೇಳಲಿಲ್ಲ.

“ಇನ್ನು ಸಾಕು ಸಾರ್. ನೀರು ತರ್ತೀನಿ.”

ಮುಖ ಕಪ್ಪಿಟ್ಟಿತು. “ನಾನು ಗಲಾಟೆ ಮಾಡಿದ್ನಾ? ತೂರಾಡಿದ್ನಾ?”

“ಇಲ್ಲ ಸಾರ್. ಅದಕ್ಕೇ.”

ಎದ್ದು ಹೋದರು. ತುಂಬಾ ನೆಟ್ಟಗೆ ನಡೆದರು.

ಮಾಲೀಕ ಹಾರಾಡಿದ. “ಕುಣಿಯೋನಿಗೆ ಕೊಡ್ತೀಯ, ತೆಪ್ಪಗೆ ಕೂತೋರಿಗೆ ಕೊಡಲ್ಲ. ತಲೆ ನೆಟ್ಟಗಿದೆಯಾ ನಿಂಗೆ?”

“ಬೆನ್ನಿಗೆ ನಿಲ್ತೀನಿ ಅಂದಿದ್ರಿ.”

“ಲೈಸೆನ್ಸು ನಂದು, ಗಿರಾಕಿ ನಂದು!”

“ದಂಡ ಮಾತ್ರ ನಂದಾ?”

ಮಾರ್ಚ್ 13, ಬುಧವಾರ

ವಿಚಾರಣೆ. ಉದ್ದನೆಯ ಮೇಜು, ಆಚೆ ಮೂವರು. ಕಂಡುಕೊಂಡದ್ದನ್ನೆಲ್ಲ ಹೇಳಿದೆ. ಇಲಾಖೆಯವನು ತಲೆ ತಗ್ಗಿಸಿ ಕಿವಿ ಕೆರೆದುಕೊಂಡ. ನಡುವೆ ಕೂತ ಹೆಂಗಸು ಮಾತ್ರ ನಗಲಿಲ್ಲ.

“ಇಷ್ಟು ಗೊತ್ತಾಗೋರು, ಸದ್ದಿಲ್ದೆ ಕುಡಿಯೋರಿಗೆ ಕೊಟ್ಟೇ ಇಲ್ವಾ?”

ಸರಿಯಾದ ಪ್ರಶ್ನೆ.

“ಕೊಟ್ಟಿದ್ದೀನಿ ಮೇಡಂ. ನಿಮ್ಮ ಹಾಳೇಲಿ ಅವರಿಲ್ಲ. ಕಂಡ ಮೇಲೆ ಒಬ್ಬರಿಗೆ ನಿಲ್ಲಿಸಿದೆ. ಮೊನ್ನೆ ಶನಿವಾರ.”

ಮಾಲೀಕನನ್ನು ಕೇಳಿದರು. “ಅಂಥದ್ದೇನೂ ನಡೆದಿಲ್ಲ. ನಮ್ಮಲ್ಲಿ ಯಾರೂ ಹಾಗೆ ಕುಡಿಯೋದೇ ಇಲ್ಲ.” ನೀರು ಕುಡಿದಷ್ಟು ಸಲೀಸಾಗಿ.

ತೀರ್ಮಾನ: ಆ ಗಿರಾಕಿಯೇ ಬಂದು ಹೇಳಿದರೆ ನನ್ನ ಮಾತು ನಂಬುತ್ತಾರೆ, ಹಾಳೆ ತಿದ್ದುವುದನ್ನೂ ಯೋಚಿಸುತ್ತಾರೆ. ಬರದಿದ್ದರೆ ಕಾರ್ಡು ರದ್ದು. ಗಿರಾಕಿಗೆ ಅನುಕೂಲವಾದ ಹೊತ್ತು ನಾನು ತಿಳಿಸಬೇಕಂತೆ.

‘ನಾನು ಕುಡಿದಿದ್ದೆ’ ಎಂದು ಹೇಳಲು ಯಾರು ಬರುತ್ತಾರೆ?

ಮಾರ್ಚ್ 14

ಬೆಳಿಗ್ಗೆಯೇ ಅವರ ಗಡಿಯಾರದ ಅಂಗಡಿಗೆ ಹೋದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಸಾಸಿವೆಯಷ್ಟು ಸ್ಕ್ರೂ, ಕೈ ಅಲ್ಲಾಡುತ್ತಿರಲಿಲ್ಲ. ತಲೆ ಎತ್ತಲಿಲ್ಲ. ನಿಂತೇ ಎಲ್ಲ ಹೇಳಿದೆ.

“ಕುಡಿದಿದ್ದೆ ಅಂತ ಮೂರು ಜನರ ಮುಂದೆ ನಾನು ಹೇಳ್ಬೇಕು.”

“ಹೌದು ಸಾರ್.”

“ನನ್ನ ಹೆಂಡ್ತಿಗೂ ಇವತ್ತಿನವರೆಗೆ ಹೇಳಿಲ್ಲ.”

ಸ್ಕ್ರೂ ಕೂರಿಸಿದರು, ಮುಚ್ಚಳ ಒತ್ತಿದರು, ಕಿವಿಗೆ ಹಿಡಿದು ಕೇಳಿದರು.

“ಎಷ್ಟು ಹೊತ್ತಿಗೆ ತಾಯಿ ವಿಚಾರಣೆ?”

“ನೀವು ಹೇಳಿದ ಹೊತ್ತಿಗೆ.”

“ಬೆಳಿಗ್ಗೆ ಇಡ್ಸು. ಸಂಜೆ ಆದ್ರೆ ನಾನು... ಬೆಳಿಗ್ಗೆ ಇಡ್ಸು.”

ಮಾರ್ಚ್ 15

ಇಲಾಖೆಯ ಗುಮಾಸ್ತರ ಫೋನು ಬಂತು. ಒಪ್ಪಿದ್ದಾರೆ. ಬುಧವಾರ, ಬೆಳಿಗ್ಗೆ ಹತ್ತು ಗಂಟೆಗೆ.