ಅಪ್ಪನ ತಂಬೂರಿಯ ಗೆಜ್ಜೆ

ಶ್ರುತಿ ಕೂಡಿದರೆ ಹಸಿರು ದೀಪ ತೋರಿಸಲಿ ಎಂದು ನಾನು ಮಾಡಿದ ಆ ಬೋರ್ಡ್ ಆಫ್ ಮಾಡಬೇಡ ಮಾನಸ! ಕೊನೆಗೂ ಅದಕ್ಕೆ ಅಪ್ಪನ ತಂಬೂರಿಯ ಶ್ರುತಿ ಸರಿಯಾಗಿ ಕೇಳಿಸಿತು. ಕೋಡನ್ನೆಲ್ಲ ಮತ್ತೆ ಬರೆದೆ, ಮೈಕನ್ನು ಸುಮ್ಮನೆ ಬೈದೆ. ತಂತಿ ಮೀಟಿದಾಗಲೆಲ್ಲ ತಂಬೂರಿಗೆ ಕಟ್ಟಿದ ಗೆಜ್ಜೆ ಘಲ್ ಎನ್ನುತ್ತಿತ್ತು, ಬೋರ್ಡು ಅದನ್ನೇ ಸ್ವರ ಅಂದುಕೊಳ್ಳುತ್ತಿತ್ತು, ಅಷ್ಟೇ.

ನಾನು ಗುಂಡ್ಲುಪೇಟೆ ಬಸ್ಸಿಗೆ ಓಡುತ್ತಿದ್ದೇನೆ. ಕಿವಿ ಮಂದವಾಯಿತೆಂದು ಹಾಡುವುದನ್ನೇ ಬಿಟ್ಟಿದ್ದ ಅಪ್ಪ ಸಂಜೆ ಉಮ್ಮತ್ತೂರಿಗೆ ಹಾಡಲು ಹೊರಟಿದ್ದಾನೆ. ಗೆಜ್ಜೆಗೆ ನನ್ನ ಟವಲ್ ಸುತ್ತು. ಬೋರ್ಡಿನ ದೀಪ ಹಸಿರಾಗುವವರೆಗೆ ತಂತಿ ಬಿಗಿಸಲು ಅಪ್ಪನಿಗೆ ಹೇಳು. ಆಮೇಲೆ ಟವಲ್ ಬಿಚ್ಚುವುದನ್ನು ಮರೆತೀಯ, ಹುಷಾರು.

ಗೆಜ್ಜೆಯನ್ನೇ ಬಿಚ್ಚಿಕೊಡಪ್ಪ, ಶ್ರುತಿ ಕೂಡಿದ ಮೇಲೆ ನಾನೇ ಕಟ್ಟುತ್ತೇನೆ ಅಂತ ಮೊದಲೇ ಕೇಳಿದ್ದೆ. ಅದಕ್ಕೆ ಅಪ್ಪ ಹೇಳಿದ್ದು:

"ಗುರು ಕಟ್ಟಿದ್ ಗೆಜ್ಜೆ ನಾ ಬಿಚ್ಚಕಿಲ್ಲ ಕಣ್ಲಾ. ಬೇಕಾದ್ರೆ ನಿನ್ ಡಬ್ಬನೇ ಕಿವಿ ಮುಚ್ಕಳ್ಳಿ."