ಅಟ್ಟದ ಗೂಬೆಯ ಫೋಟೋ

ಮಾವಿನಕೊಪ್ಪಲು, ಪಿರಿಯಾಪಟ್ಟಣ ತಾಲ್ಲೂಕು
ಭಾನುವಾರ, 12 ಅಕ್ಟೋಬರ್ 2025

ನನ್ನ ಮಾಯಿಗೆ, ನಿನ್ನ ಗಂಡ ಪುಟ್ಟಸ್ವಾಮಿ ಬರೆಯುವುದು.

ಮೊದಲು ನಿನ್ನ ಮಂಡಿನೋವು ಹೇಗಿದೆ ಹೇಳು. ಕೆ.ಆರ್. ನಗರದ ನಿಮ್ಮಣ್ಣನ ಮನೆಗೆ ಮೆಟ್ಟಿಲು ಜಾಸ್ತಿ. ಬಟ್ಟೆ ಒಣಗಲು ಹಾಕುವ ನೆಪದಲ್ಲಿ ದಿನಾ ಮಹಡಿ ಹತ್ತುತ್ತಿದ್ದೀಯೆಂದು ಮಗಳು ರಮ್ಯ ಹೇಳಿದಳು, ಅದನ್ನು ಬಿಡು. ನಂಜಣ್ಣ ಭಾವನ ಬಿಪಿ ಇಳಿದಿದೆಯೇ? ನಾನು ಚೆನ್ನಾಗಿದ್ದೇನೆ. ಈ ಮೂರು ತಿಂಗಳಲ್ಲಿ ಜ್ವರ ಬಂದಿಲ್ಲ, ತಲೆನೋವು ಬಂದಿಲ್ಲ, ಕಾಲು ಜಾರಿ ಬಿದ್ದಿಲ್ಲ. ಇದನ್ನು ಮೊದಲೇ ಬರೆದುಬಿಟ್ಟೆ, ಏಕೆಂದರೆ ಕಾಗದ ಬಿಚ್ಚಿದ ತಕ್ಷಣ ನೀನು ಹುಡುಕುವುದು ಇದನ್ನೇ ಎಂದು ನನಗೆ ಗೊತ್ತು. ಫೋನ್ ಮಾಡಿದರೆ ‘ಮನೆಯಿಂದ ಆಚಿಕ್ ಬಂದ್ರಾ?’ ಎಂದು ಒಂದೇ ಮಾತು ಕೇಳುತ್ತೀಯ. ನಾನು ಸುಮ್ಮನಾದರೆ ಇಟ್ಟುಬಿಡುತ್ತೀಯ. ಹಬ್ಬ ಕಳೆದ ಮೇಲಂತೂ ಎತ್ತುವುದನ್ನೇ ಬಿಟ್ಟಿದ್ದೀಯ. ಹಾಗಾಗಿ ಕಾಗದ ಬರೆಯಬೇಕಾಯಿತು. ರಮ್ಯ ಈಗ ಬಂದಿದ್ದಾಳೆ, ಮಧ್ಯಾಹ್ನದ ಬಸ್ಸಿಗೆ ನಿನ್ನಲ್ಲಿಗೆ ಹೊರಡುತ್ತಾಳೆ. ನಾನು ತೆಗೆದ ಫೋಟೋಗಳನ್ನು ಹುಣಸೂರಿನ ಸ್ಟುಡಿಯೋದಲ್ಲಿ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ.

ಫೋಟೋ ಎಂದ ಕೂಡಲೇ ನಿನಗೆ ಸಿಟ್ಟು ಬರುತ್ತದೆ. ಬರಲಿ, ನ್ಯಾಯವೇ. ರಮ್ಯ ತನ್ನ ಹಳೇ ಫೋನನ್ನು ನನಗೆ ಕೊಟ್ಟ ದಿನವೇ ನೀನು, ಮಗಳು ಅಪ್ಪನ ಕೈಗೆ ಆಟದ ಸಾಮಾನು ಕೊಟ್ಟಳು ಎಂದು ಆಡಿಕೊಂಡಿದ್ದೆ. ಆಮೇಲೆ ನಾನು ಬಚ್ಚಲ ಹಿಂದಿನ ಕೆಸುವಿನ ಎಲೆ, ಸೌದೆ ರಾಶಿಯ ಮೇಲಿನ ಓತಿಕ್ಯಾತ, ನುಗ್ಗೆ ಹೂವಿಗೆ ಬರುವ ಸೂರಕ್ಕಿ ಎಂದು ಅಂಗಳದ ತುಂಬ ಬಗ್ಗಿಕೊಂಡು ಓಡಾಡಿದ್ದು ನಿಜ. ಜನ ಜೀಪು ಹತ್ತಿ ನಾಗರಹೊಳೆಗೆ ಹೋಗಿ ಹುಲಿಯ ಫೋಟೋ ತೆಗೆಯುತ್ತಾರೆ. ನನಗೆ ನಮ್ಮ ಬೇಲಿಯ ಒಳಗೆ ಸಿಕ್ಕಿದ್ದೇ ಮುಗಿಯುತ್ತಿರಲಿಲ್ಲ. ತಿಪ್ಪೆಯ ಹತ್ತಿರ ಮುಂಗುಸಿ ಮರಿಗಳನ್ನು ಕರೆದುಕೊಂಡು ಹೋಯಿತು ಎಂದರೆ ನೀನು ಮುಸುರೆ ಪಾತ್ರೆಯಿಂದ ತಲೆ ಎತ್ತದೆ ‘ನಿಮ್ ಮಾತ್ ನಂಬಲ್ಲ, ಫೋಟ ತೋರ್ಸಿ’ ಎನ್ನುತ್ತಿದ್ದೆ. ತೋರಿಸಿದರೆ ಮಾತ್ರ ನಂಬುತ್ತಿದ್ದೆ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಬಾಯಿಗಿಂತ ಆ ಫೋನಿಗೇ ನಿನ್ನಲ್ಲಿ ಮರ್ಯಾದೆ ಹೆಚ್ಚು.

ಅದೇ ಭರದಲ್ಲಿ ಆ ದಿನ ಆಗಿದ್ದು. ಹೊಗೆಸೊಪ್ಪು ಕಟ್ಟುವ ದಾರದ ಉಂಡೆ ತರಲು ಅಟ್ಟ ಹತ್ತಿದೆ. ಮೂಲೆಯಲ್ಲಿ ಅರಳಿ ಎಲೆಯ ಆಕಾರದ ಬಿಳಿ ಮುಖ, ಎರಡು ಕಪ್ಪು ಕಣ್ಣು. ಹಿಂದಿನ ಸೂರಿನಲ್ಲಿ ಹೆಂಚು ಒಡೆದಿದೆಯಲ್ಲ, ಅಲ್ಲಿಂದ ಬಂದಿರಬೇಕು. ಫೋಟೋ ತೆಗೆದೆ. ಅದು ಕದಲಲಿಲ್ಲ, ನನ್ನ ಕೈಯೂ ನಡುಗಲಿಲ್ಲ, ಅಷ್ಟು ಚೆನ್ನಾದ ಫೋಟೋ ನಾನು ಅಲ್ಲಿಯವರೆಗೆ ತೆಗೆದಿರಲಿಲ್ಲ. ಬಹುಮಾನ ಬಂದವನ ಹಾಗೆ ಓಡಿ ಬಂದು ನಿನಗೆ ತೋರಿಸಿದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು. ನೀನು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನಿಧಾನವಾಗಿ ನೋಡಿದೆ. ‘ಇದು ನಮ್ಮಟ್ಟ ಅಲ್ವೇನ್ರೀ?’ ಎಂದೆ. ಆಮೇಲೆ, ‘ಗೂಬೆ ಒಳಿಕ್ ಬಂದದೆ. ಬಾಗ್ಲಾಕಿ ಆಚಿಕ್ ಬನ್ನಿ. ಮೂರ್ ತಿಂಗ್ಳು ಈ ಮನೆ ಒಳಿಕ್ ಕಾಲಿಡಂಗಿಲ್ಲ.’

ಒಂದು ಹಕ್ಕಿಗೆ ಹೆದರಿ ಮನೆ ಬಿಡುವವನಲ್ಲ ನಾನು ಎಂದೆ. ಒಮ್ಮೆ ಹೇಳಿದ್ದರೆ ಸಾಕಿತ್ತು, ಪಕ್ಕದ ಮನೆಯ ಸಿದ್ದಲಿಂಗಮ್ಮ ಬಂದಾಗ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ನೀನು ಜಗಳವಾಡಲಿಲ್ಲ. ನಿಮ್ಮಪ್ಪನ ವಿಷಯ ನನಗೆ ಹೇಳಿದೆ. ನೀನು ಚಿಕ್ಕವಳಿದ್ದಾಗ ನಿಮ್ಮ ಮನೆಗೂ ಗೂಬೆ ಹೊಕ್ಕಿತ್ತು, ಮನೆ ಬಿಡಿ ಎಂದವರನ್ನು ನೋಡಿ ಅವರೂ ನಕ್ಕಿದ್ದರು, ಮುಂದಿನ ಯುಗಾದಿ ಅವರಿಗೆ ಸಿಗಲಿಲ್ಲ ಎಂದೆ. ‘ಅದು ಯಜಮಾನನ್ನೇ ಉಡುಕೋದು ಕಣ್ರೀ. ನಿಮ್ಗೇನಾರಾ ಆದ್ರೆ ನನ್ ಕೈಲಿ ನೋಡಕ್ಕಾಗಲ್ಲ.’ ನಾನು ಅದಕ್ಕೂ ನಕ್ಕೆ. ಸಂಜೆಯ ಬಸ್ಸಿಗೆ ನೀನು ಹೊರಟೆ. ಮೂರು ತಿಂಗಳು ಬಾಗಿಲು ಹಾಕಿದ್ದ ಮನೆಗಾದರೆ ಬರುತ್ತೇನೆ, ಇಲ್ಲದಿದ್ದರೆ ಈ ಜನ್ಮದಲ್ಲಿ ಇಲ್ಲ ಎಂದು ಬಸ್ಸಿನ ಕಿಟಕಿಯಿಂದ ಹೇಳಿದೆ. ಕಂಡಕ್ಟರನೂ ಕೇಳಿಸಿಕೊಂಡ.

ಇರಲಿ. ಫೋಟೋಗಳನ್ನು ನೋಡು. ಮೊದಲನೆಯದು ನಮ್ಮ ಹಸು ಕೆಂದಿ, ಬೆನ್ನ ಮೇಲೆ ಕಾಜಾಣ. ಆ ಹಕ್ಕಿ ಈಗ ದಿನಾ ಬರುತ್ತದೆ, ಕೆಂದಿ ಹೊಲಕ್ಕೆ ಹೊರಟರೆ ತಾನೂ ಹೊರಡುತ್ತದೆ. ಎರಡನೆಯದರಲ್ಲಿ ಜಗಲಿಯ ಕೆಳಗೆ ನೀನು ಬಿಟ್ಟುಹೋದ ಹವಾಯಿ ಚಪ್ಪಲಿ. ಎಡಗಾಲಿನದರ ಮೇಲೆ ಕೂತಿರುವುದು ಕಪ್ಪೆ, ಕಲ್ಲಲ್ಲ. ಮಳೆ ಶುರುವಾದಾಗಿನಿಂದ ಅದಕ್ಕೆ ಅದೇ ಜಾಗ. ನಾನು ಓಡಿಸಲಿಲ್ಲ, ಚಪ್ಪಲಿಯನ್ನೂ ಎತ್ತಿಡಲಿಲ್ಲ. ನಿನ್ನ ಕನಕಾಂಬರ ಈ ಸಲ ಕೀಳುವವರಿಲ್ಲದೆ ಬೀಜವಾಗಿದೆ. ನೀರು ಬಿದ್ದರೆ ಆ ಬೀಜ ಸಿಡಿಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ತಂಬಿಗೆಯಲ್ಲಿ ನೀರು ಹಿಡಿದು ಹಾಕಿ ಹಾಕಿ, ಕೊನೆಗೆ ಒಂದು ಸಿಡಿಯುವಾಗಲೇ ಸಿಕ್ಕಿತು. ಬೆಳಕು ಬೆನ್ನಿಗಿರಬೇಕು ಅಪ್ಪ ಎಂದು ರಮ್ಯ ಹೇಳಿಕೊಟ್ಟಿದ್ದು ಅಲ್ಲಿ ಉಪಯೋಗವಾಯಿತು.

ಮೋಟಾರು ಪೆಟ್ಟಿಗೆಯ ಫೋಟೋ ಏಕೆ ತೆಗೆದಿದ್ದೀರಿ ಎಂದು ಕೇಳುತ್ತೀಯ. ಅದರ ಪಕ್ಕದ ತೂತು ನೋಡು, ಮಣ್ಣಿನಿಂದ ಮುಚ್ಚಿಹೋಗಿದೆ. ಮಣ್ಣಿನ ಗೂಡು ಕಟ್ಟುವ ಕಡಜದ ಕೆಲಸ. ಮಳೆಗಾಲದಲ್ಲಿ ಮೋಟಾರು ಹಾಕಲಿಲ್ಲ, ಅದಕ್ಕೆ ಅಷ್ಟೇ ಸಾಕಾಯಿತು. ಯಾರೂ ಕೈ ಹಾಕದ ಕಿಂಡಿ ಕಂಡರೆ ಬಂದು ಮೊಟ್ಟೆಯಿಟ್ಟು, ಹುಳು ತುಂಬಿ, ಮಣ್ಣು ಮೆತ್ತಿ ಹೋಗುತ್ತದೆ. ದಿನಾ ಬಳಸುವ ಕಿಂಡಿಗೆ ಬರುವುದಿಲ್ಲ. ಹೋದ ವರ್ಷ ನಿನ್ನ ಹೊಲಿಗೆ ಮಿಷನ್ನಿಗೆ ಮೆತ್ತಿದ್ದಕ್ಕೆ, ಮಿಷನ್ ಮುಟ್ಟದೆ ಎಷ್ಟು ದಿನವಾಯಿತೆಂದು ಕಡಜ ಊರಿಗೆಲ್ಲ ಸಾರಿತು ಎಂದು ನಾನು ರೇಗಿಸಿದ್ದೆ, ಜ್ಞಾಪಕವಿದೆಯೇ?

ಗೂಬೆಯ ಫೋಟೋ ಕೊನೆಗಿಟ್ಟಿದ್ದೇನೆ. ಬೇಡವೆನಿಸಿದರೆ ನೋಡಬೇಡ. ಏಣಿ ಹಾಕಿಕೊಂಡು ಗವಾಕ್ಷಿಯ ಹತ್ತಿರ ಸಂಜೆ ಬೆಳಕಿನಲ್ಲಿ ತೆಗೆದದ್ದು. ಮೂರು ಮರಿ ಮಾಡಿತ್ತು ಮಾಯಿ. ಹಸಿವಾದರೆ ಕುಕ್ಕರ್ ಕೂಗುವುದಕ್ಕೆ ಮುಂಚೆ ಬುಸುಗುಡುತ್ತದಲ್ಲ, ಹಾಗೇ ಬುಸುಗುಡುತ್ತಿದ್ದವು. ತಾಯಿ ಕತ್ತಲಾದ ಮೇಲೆ ಇಲಿ ಹಿಡಿದುಕೊಂಡು ಬರುತ್ತಿತ್ತು. ಈ ಸಲ ಸೊಪ್ಪು ಬೇಯಿಸುವ ಬ್ಯಾರನ್ನಿನ ಸುತ್ತ ಇಲಿ ಬಹಳ ಕಡಿಮೆ, ಅದನ್ನೂ ಹೇಳಬೇಕು. ಈಗ ಮರಿಗಳು ಹಾರಿಹೋಗಿವೆ, ತಾಯಿಯೂ ಬರುತ್ತಿಲ್ಲ. ಹೊರಗಿನಿಂದಲೇ ಸೂರು ಹತ್ತಿ ಆ ಹೆಂಚನ್ನೂ ಬದಲಾಯಿಸಿದೆ.

ಸೊಪ್ಪು ಬೇಯಿಸುವುದು ಹೋದ ವಾರ ಮುಗಿಯಿತು. ಜುಲೈನಿಂದ ಉರಿ ನೋಡಿಕೊಂಡು ಬ್ಯಾರನ್ನಿನ ಮುಂದೆಯೇ ಮಲಗುತ್ತಿದ್ದೆ, ಎಲ್ಲ ವರ್ಷವೂ ಮಲಗುವ ಹಾಗೆ. ಮುದ್ದೆ ನಾನೇ ತೊಳಸಿಕೊಳ್ಳುತ್ತೇನೆ, ಸಾರು ಸಿದ್ದಲಿಂಗಮ್ಮ ಕೊಡುತ್ತಾಳೆ. ಸಂಜೆ ಜಗಲಿಯ ದೀಪ ಹಾಕುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಆ ದೀಪ ನೋಡಿಯೇ ಅವಳು, ನಿಮ್ಮೆಜಮಾನ್ರು ಅದೇ ಮನೇಲವ್ರೆ ಎಂದು ನಿನಗೆ ಫೋನಿನಲ್ಲಿ ಹೇಳಿದ್ದಾಳೆಂದು ಕೇಳಿದೆ. ಆಯುಧಪೂಜೆಗೆ ಟ್ರ್ಯಾಕ್ಟರಿಗೆ ಕುಂಬಳಕಾಯಿ ಒಡೆದೆ. ಆರತಿ ತಟ್ಟೆ ಹಿಡಿಯಲು ನೀನಿರಲಿಲ್ಲ. ನನಗೆ ಬಹಳ ಬೇಜಾರಾಯಿತು. ಅವತ್ತು ಒಂದು ಫೋಟೋವನ್ನೂ ತೆಗೆಯಲಿಲ್ಲ.

ನಂಜಣ್ಣ ಭಾವನಿಗೂ ಅತ್ತಿಗೆಗೂ ನನ್ನ ನಮಸ್ಕಾರ ಹೇಳು. ನಿನ್ನ ಮಂಡಿಗೆ ರಮ್ಯ ಎಣ್ಣೆ ತರುತ್ತಿದ್ದಾಳೆ, ಬಿಸಿ ಮಾಡಿ ಹಚ್ಚಿಕೋ. ನಿನಗೆ ಒಳ್ಳೆಯದಾಗಲಿ.

ಇಂತಿ ನಿನ್ನ,
ಪುಟ್ಟಸ್ವಾಮಿ

ಮರೆತ ಮಾತು: ರಮ್ಯ ಬಸ್ಸಿಗೆ ಹೊತ್ತಾಯಿತೆಂದು ಜಗಲಿಯಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಫೋಟೋಗಳನ್ನೆಲ್ಲ ಇನ್ನೊಂದು ಸಲ ನೋಡು. ಒಂದರಲ್ಲಾದರೂ ಮನೆಯ ಒಳಗಿನ ಗೋಡೆ ಕಾಣುತ್ತದೆಯೇ? ಪೇಪರಿನಲ್ಲಿ ಸುತ್ತಿ ಬೇರೆ ಇಟ್ಟಿರುವ ಫೋಟೋ ನಮ್ಮ ಮುಂಬಾಗಿಲ ಬೀಗದ್ದು. ಅದರ ಕಿಂಡಿಗೂ ಕಡಜ ಮಣ್ಣು ಮೆತ್ತಿದೆ. ಮರಿ ಬೆಳೆದು, ಸಣ್ಣ ತೂತು ಮಾಡಿಕೊಂಡು ಹಾರಿಯೂ ಹೋಗಿದೆ. ಒಂದು ದಿನ ಬೀಗ ತೆಗೆದಿದ್ದರೂ ಆ ಗೂಡು ಅಲ್ಲಿರುತ್ತಿರಲಿಲ್ಲ. ನೀನು ಬಸ್ಸು ಹತ್ತಿದ ಸಂಜೆಯೇ ಬಟ್ಟೆ, ರಾಗಿ ಹಿಟ್ಟು, ಪಾತ್ರೆ ಬ್ಯಾರನ್ನಿಗೆ ಸಾಗಿಸಿ ಬೀಗ ಹಾಕಿದೆ. ಜಗಲಿಯ ದೀಪದ ಸ್ವಿಚ್ಚು ಹೊರಗೇ ಇದೆಯಲ್ಲ. ಗೂಬೆಗೆ ಹೆದರಿ ಅಲ್ಲ. ನೀನು ಹೆದರಿದ್ದೆ, ಅದಕ್ಕೆ. ಊರ ಮುಂದೆ ಅಷ್ಟು ಜಂಬ ಕೊಚ್ಚಿ ಅದೇ ಸಂಜೆ ಸೋತೆ ಎನ್ನಲು ಬಾಯಿ ಬರಲಿಲ್ಲ, ಹೇಳಿದ್ದರೂ ನೀನು ಫೋಟ ತೋರ್ಸಿ ಎನ್ನುತ್ತಿದ್ದೆ. ಈಗ ತೋರಿಸಿದ್ದೇನೆ. ಬುಧವಾರಕ್ಕೆ ಮೂರು ತಿಂಗಳು ತುಂಬುತ್ತದೆ. ಕೆಂದಿಯ ಮೈ ತೊಳೆದು ಅರಿಶಿನ ಕುಂಕುಮ ಇಟ್ಟು ಬಾಗಿಲಲ್ಲಿ ಕಟ್ಟಿರುತ್ತೇನೆ. ಮೊದಲು ಅದು ಒಳಗೆ ಹೋಗಲಿ, ಆಮೇಲೆ ನೀನು ಹೋಗಿ ದೀಪ ಹಚ್ಚು, ನಾನು ನಿನ್ನ ಹಿಂದೆ ಬರುತ್ತೇನೆ. ಕೀಲಿ ಇದೇ ಕವರಿನ ತಳದಲ್ಲಿದೆ. ಬರುವಾಗ ಸೆರಗಿನ ಪಿನ್ನು ಹಾಕಿಕೊಂಡು ಬಾ, ಬೀಗದ ಮಣ್ಣನ್ನು ನೀನೇ ಕೆರೆದು ತೆಗೆಯಬೇಕು, ನಾನು ಮುಟ್ಟಿಲ್ಲ.