ಕಿಟಕಿ ಪಕ್ಕದ ಕುರ್ಚಿ

ಪ್ರೀತಿಯ ಅತ್ತೆಗೆ,

ನಾದಿನಿಯೂ ಕೂಸೂ ಚೆನ್ನಾಗಿದ್ದಾರೆಂದು ತಿಳಿದು ಸಮಾಧಾನವಾಯಿತು. ಚಳಿಗಾಲದಲ್ಲಿ ನೀವು ತಿಂಗಳಿಗೊಮ್ಮೆ ಕೊಡುವ ರಾತ್ರಿಯೂಟದ ಔತಣವನ್ನು ಈ ಸಲ ನಾನೇ ನಡೆಸಿದೆ. ನೀವು ಮಾಡುವ ಹಾಗೆಯೇ ತಟ್ಟೆಗಳನ್ನು ಬಿಸಿನೀರಿನಲ್ಲಿಟ್ಟು, ಒರೆಸಿ, ಬಿಸಿ ಆರುವ ಮೊದಲೇ ಬಡಿಸಿದೆ. ಬಂದವರೆಲ್ಲ ನಿಮ್ಮನ್ನೇ ನೆನೆದರು.

ಒಂದು ಎಡವಟ್ಟಾಯಿತು. ಮನೆಯೊಡತಿ ಸದಾ ಕೂರುವ ಜಾಗವೇ ಮರ್ಯಾದೆಯ ಜಾಗವೆಂದುಕೊಂಡು, ನಿಮ್ಮ ಮಗನ ಮೇಲಧಿಕಾರಿಯನ್ನು ಕಿಟಕಿ ಪಕ್ಕದ ನಿಮ್ಮ ಕುರ್ಚಿಯಲ್ಲಿ ಕೂರಿಸಿದೆ. ಸೂಪು ಮುಗಿಯುವುದರೊಳಗೆ ಅವರು, "ಬೆನ್ನಿಗೆ ಐಸು ಇಟ್ಟ ಹಾಗಾಗ್ತಿದೆಯಲ್ಲಮ್ಮ," ಎಂದು ಕೋಟು ತರಿಸಿಕೊಂಡರು. ಅವರನ್ನು ಎಬ್ಬಿಸಿ ನಾನು ಅಲ್ಲಿ ಕೂತೆ. ಕಿಟಕಿಯ ಸಂದಿಯಿಂದ ಬರುವ ಗಾಳಿ ಚರ್ಮ ಕೊಯ್ಯುತ್ತಿತ್ತು. ಅಲ್ಲಿ ಒಬ್ಬರು ಅಡ್ಡ ಕೂತರಷ್ಟೇ ಅದು ಮಿಕ್ಕವರಿಗೆ ತಾಗುವುದಿಲ್ಲ.

ಔತಣದ ದಿನ ನೀವು ಹೊದೆಯುವ ಕಂದು ಶಾಲನ್ನು ನೆಂಟರೆಲ್ಲ ಹೊಗಳುತ್ತಿದ್ದರು. ಎಂಥ ಠೀವಿ ಎಂದು ನಾನೂ ಬೆರಗಾಗುತ್ತಿದ್ದೆ. ಇಷ್ಟು ವರ್ಷ ಆ ಗಾಳಿಯಲ್ಲಿ ನಗುನಗುತ್ತಾ ಹೇಗೆ ಕೂತಿರಿ ಅತ್ತೆ? ಮಾವನನ್ನು ಕೇಳಿದರೆ, "ಅವಳಿಗೆ ಆ ಜಾಗ ಅಂದ್ರೆ ಇಷ್ಟ ಕಣಮ್ಮ," ಎಂದರು.

ಬಡಗಿ ಬಂದು ನೋಡಿದ. ಚೌಕಟ್ಟೇ ಸೊಟ್ಟಗಾಗಿದೆಯಂತೆ, ಬೇಸಿಗೆಯವರೆಗೆ ಕೀಳುವ ಹಾಗಿಲ್ಲವಂತೆ. ಮುಂದಿನ ತಿಂಗಳ ಔತಣದ ಹೊತ್ತಿಗೆ ನೀವು ಬಂದಿರುತ್ತೀರಿ. ನಿಮ್ಮ ಜಾಗ ಇನ್ನು ಮೇಜಿನ ನಡುವೆ, ಮಾವನ ಪಕ್ಕ. ವಾದ ಮಾಡಬೇಡಿ.

ಬರುವಾಗ ಆ ಶಾಲು ಮರೆಯದೆ ತನ್ನಿ. ಅದು ನನಗೆ ಬೇಕು.

ನಿಮ್ಮ ಸೊಸೆ